ತೊಟ್ಟಿಲಂಗಡಿಯ ಕುರ್ಚಿ

ನಮ್ಮ ಹೆಡ್ ಮಾಸ್ತರು ಶಂಕ್ರಪ್ಪನವರು ಜಗತ್ತಿಗೆ ಕೊಟ್ಟ ಸಿದ್ಧಾಂತ ಒಂದೇ: ಮಾಸ್ತರನಾದವನು ಕೂಡಬಾರದು. ಕೂತರೆ ಬೆನ್ನು ಬಾಗುತ್ತದೆ, ಬೆನ್ನು ಬಾಗಿದರೆ ಕಣ್ಣು ಮುಚ್ಚುತ್ತದೆ, ಮಾಸ್ತರನ ಕಣ್ಣು ಮುಚ್ಚಿದರೆ ದೇಶ ಹಾಳಾಗುತ್ತದೆ. ಈ ಜ್ಞಾನ ಅವರಿಗೆ ಯಾವ ಮರದ ಕೆಳಗೂ ಆದದ್ದಲ್ಲ. ಹಿಂದೊಮ್ಮೆ ಇನ್ಸ್‌ಪೆಕ್ಟರ ಸಾಹೇಬರು ಹೇಳದೆ ಕೇಳದೆ ಬಂದಾಗ ಮೂರನೆಯ ಇಯತ್ತೆಯ ಮಾಸ್ತರರು ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಮರುದಿನವೇ ಶಂಕ್ರಪ್ಪನವರು ಶಾಲೆಯ ಕುರ್ಚಿಗಳನ್ನೆಲ್ಲ ಹೊರಿಸಿ ಪಂಚಾಯ್ತಿಗೆ ದಾನ ಮಾಡಿಬಿಟ್ಟರು. ಗೊರಕೆ ಹೊಡೆದವರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಬಂದವನು ನಾನು. ನಿದ್ದೆ ಅವರದು, ನಿಲ್ಲುವುದು ನನ್ನದು. ನನ್ನ ಮೊಣಕಾಲುಗಳು ಇವತ್ತಿಗೂ ಆ ಪುಣ್ಯಾತ್ಮನನ್ನು ನೆನೆಯುತ್ತವೆ.

ಮುಂದಿನ ವರ್ಷ ಬಂದ ಸಾಹೇಬರು, "ಶಂಕ್ರಪ್ಪ, ತಾಲೂಕಿನ್ಯಾಗ ನಿಂತು ಕಲಸೂ ಸಾಲಿ ಅಂದ್ರ ನಿಮ್ಮದೊಂದ ನೋಡ್ರಿ" ಎಂದು ಬೆನ್ನು ತಟ್ಟಿದರು. ತಟ್ಟಿಸಿಕೊಂಡ ಬೆನ್ನು ಮತ್ತೆ ಬಾಗಲಿಲ್ಲ. ಶಾಲೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನವಿತ್ತು. ಅದರ ಬಾಜುವಿಗೆ ಹೆಡ್ ಮಾಸ್ತರರು ತಮ್ಮ ಸ್ವಂತ ವಾಕ್ಯ ಬರೆಸಿದರು: "ನಿಂತು ಕಲಿಸಿದ್ದು ನಿಲ್ಲುತ್ತದೆ." ಎರಡಕ್ಕೂ ಒಂದೇ ಡಬ್ಬಿಯ ಬಣ್ಣ. ಆದ್ದರಿಂದ ಎರಡೂ ಸರಕಾರದ್ದೇ ಎಂದು ಊರವರು ತಿಳಿದಿದ್ದರು.

ಶಾಲೆಯಲ್ಲಿ ಉಳಿದದ್ದು ಒಂದೇ ಕುರ್ಚಿ, ಹೆಡ್ ಮಾಸ್ತರರದು. ಅದರ ಒಂದು ಕಾಲು ಮುರಿದು ಆ ಜಾಗಕ್ಕೆ ಎರಡು ಇಟ್ಟಂಗಿ ಇಟ್ಟಿದ್ದರು. ಅದರಲ್ಲಿ ಕೂಡುವ ವಿದ್ಯೆ ಶಂಕ್ರಪ್ಪನವರ ಸೊಂಟಕ್ಕೊಂದೇ ಗೊತ್ತಿತ್ತು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ ನಮ್ಮಲ್ಲಿಗೆ ಶಮೀಮಾಬಿ ಅಕ್ಕೋರು ವರ್ಗವಾಗಿ ಬಂದರು. ಗಂಡ ಇಮಾಮುದ್ದೀನ ಅಳ್ನಾವರದ ಸ್ಟೇಶನ್ನಿನಲ್ಲಿ ನೌಕರ, ರವಿವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಅಕ್ಕೋರು ಒಂದನೆಯ ಇಯತ್ತೆ ಕಲಿಸುತ್ತಿದ್ದರು. ಅವರು "ಅ" ಎಂದರೆ ಮಕ್ಕಳು ತಂಬೂರಿಗೆ ಶ್ರುತಿ ಸೇರಿಸಿದಂತೆ "ಅ" ಎನ್ನುತ್ತಿದ್ದವು. ಒಂದು ದಿನ ವರಾಂಡದಲ್ಲಿ ಸುತ್ತು ಹಾಕುತ್ತಿದ್ದ ಶಂಕ್ರಪ್ಪನವರಿಗೆ, ಅಕ್ಕೋರು ಕಿಡಕಿಯ ಕಟ್ಟೆಗೆ ಆತು ಅರ್ಧ ಕೂತಂತೆ ಇದ್ದದ್ದು ಕಂಡಿತು. ಸೀಮೆಸುಣ್ಣ ಕೇಳಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಅಕ್ಕೋರ, ಗ್ವಾಡಿ ಮ್ಯಾಲೆ ಏನ ಬರದೈತಿ?"

"ಓದೀನ್ರಿ ಸರ. ಆದರ ನನಗ ಆರು ಮುಗದು ಏಳರಾಗ ನಡದೈತ್ರಿ."

"ಏಳನೇ ಇಯತ್ತೆಗೆ ನಾ ಅದೀನಲ್ಲ. ನೀವು ಒಂದನೇದು ನೋಡಕೋರಿ ಸಾಕು."

ಅಕ್ಕೋರು ಸೆರಗು ಸರಿ ಮಾಡಿಕೊಂಡರು. ನಾನು ಕೆಮ್ಮಿದೆ. ಶಂಕ್ರಪ್ಪನವರು ನನ್ನ ಮುಖ ನೋಡಿದರು, ಅಕ್ಕೋರ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಐದು ಮಕ್ಕಳ ತಂದೆಯಾಗಿದ್ದರೂ "ಬಸುರಿ" ಎಂಬ ಶಬ್ದ ಆ ಬಾಯಿಂದ ಒಮ್ಮೆಯೂ ಹೊರಬಿದ್ದಿರಲಿಲ್ಲ.

"ಅಂದ್ರ... ಅದು... ಅಂದ್ರ ಆ ಏಳು?"

"ಹೌದ್ರಿ ಸರ. ಹಿಂದಿನ ಸಾಲ್ಯಾಗನೂ ಹಿಂಗ ಇತ್ತು. ಬಾಯಿ ಮುಚಗೊಂಡು ನಿಂತೆ. ಏಳರಾಗ ಹೋತು. ಗಂಡ ಕೂಸ ಇತ್ತು." ಅಕ್ಕೋರು ಅಳಲಿಲ್ಲ. ಹಾಜರಿ ಹೇಳುವ ದನಿಯಲ್ಲೇ ಹೇಳಿದರು. "ಡಾಕ್ಟರಬಾಯಾರು ಈ ಸಲ ಭಾಳೊತ್ತು ನಿಲಬ್ಯಾಡ ಅಂದಾರ. ಮೂರು ತಿಂಗಳ ರಜಾ ಐತ್ರಿ, ಅದು ನನ್ನ ಹಕ್ಕು, ಬಿಡೂದಿಲ್ಲ. ಆದರ ಈಗ ತಗೊಂಡ್ರ, ಕೂಸಿನ ನೆತ್ತಿ ಬಲಿಯೂದರಾಗ ತೀರಿ ಹೋಗತೈತಿ. ಆಮ್ಯಾಲೆ ಕೂಸು ಬಿಡಬೇಕು, ಇಲ್ಲ ನೌಕರಿ ಬಿಡಬೇಕು. ನನಗೊಂದು ಕುರ್ಚಿ ಕೊಡ್ರಿ ಸರ. ದಿವಸ ತುಂಬೂತನಾ ಕಲಸತೀನಿ."

ಶಂಕ್ರಪ್ಪನವರು ಹೋಗಿ ತಮ್ಮ ಕುರ್ಚಿಯನ್ನೂ ಎರಡು ಇಟ್ಟಂಗಿಯನ್ನೂ ತಾವೇ ಹೊತ್ತು ತಂದರು. ಅಕ್ಕೋರು ಕೂತರು. ಇಟ್ಟಂಗಿ ಜಾರಿತು. ಹೆಡ್ ಮಾಸ್ತರರು ಒಂದು ರಟ್ಟೆ, ನಾನೊಂದು ರಟ್ಟೆ ಹಿಡಿದದ್ದರಿಂದ ಅನಾಹುತ ತಪ್ಪಿತು. ಶಂಕ್ರಪ್ಪನವರ ಮುಖ ಸುಣ್ಣ ಹೊಡೆದ ಗೋಡೆಯಾಗಿತ್ತು.

"ನಾಲ್ಕ ದಿವಸ ತಡಕೋರವಾ. ಛಲೋ ಕುರ್ಚಿ ತರತೀನಿ. ಯಾರ ಮುಂದೂ ಹೇಳಬ್ಯಾಡ್ರಿ." ನನ್ನ ಕಡೆ ತಿರುಗಿದರು. "ನೀವೂನು."

ಅಂದಿನಿಂದ ಅವರು ಒಂದನೆಯ ಇಯತ್ತೆಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಹಾಯಲೇಬೇಕಾದರೆ ಆಕಾಶ ನೋಡುತ್ತ ಹಾಯುತ್ತಿದ್ದರು. ಅಕ್ಕೋರು ಕಿಡಕಿಗೆ ಆತು ನಿಂತರೆ ಕಾಣಬಾರದಲ್ಲ! ಹೀಗೆ ಆಕಾಶ ನೋಡುತ್ತ ಎರಡು ಸಲ ಕಂಬಕ್ಕೆ ಹಾಯ್ದುಕೊಂಡರು.

ಇನ್ನು ಕುರ್ಚಿಯ ಮಾತು. ಪಂಚಾಯ್ತಿಯಿಂದ ತಿರುಗಿ ಕೇಳುವುದೆಂದರೆ ಉಗುಳಿದ್ದನ್ನು ನುಂಗಿದ ಹಾಗೆ. ನಮ್ಮೂರ ಬಡಿಗೇರನಿಗೆ ಹೇಳುವುದೂ ಡಂಗುರ ಹೊಡೆಸುವುದೂ ಒಂದೇ. ಆದ್ದರಿಂದ ಶಂಕ್ರಪ್ಪನವರು ಕಲಘಟಗಿಗೆ ಹೋದರು. ಅದು ಕಬ್ಬಿನ ಸುಗ್ಗಿ. ಅಲ್ಲಿಯ ಬಡಿಗೇರರೆಲ್ಲ ಗಾಡಿಯ ಕೆಲಸದಲ್ಲಿ ಮುಳುಗಿ ತಲೆ ಎತ್ತಲೂ ಒಲ್ಲರು. ಕೈ ಬಿಡುವಿದ್ದವನು ತೊಟ್ಟಿಲು ಮಾಡುವ ಶಂಭುಲಿಂಗಪ್ಪ ಒಬ್ಬನೇ.

ನಮ್ಮ ಕಡೆ ತೊಟ್ಟಿಲಿನ ರೀತಿ ಎಲ್ಲರಿಗೂ ಗೊತ್ತು. ಕೂಸು ಹುಟ್ಟಿ ಅತ್ತ ಮೇಲೆಯೇ ತೊಟ್ಟಿಲಿಗೆ ಹೇಳಬೇಕು, ಅದೂ ತವರಿನವರು. ಮೊದಲೇ ಹೇಳಿದರೆ ದೃಷ್ಟಿಯಾಗುತ್ತದೆ. ಅದಕ್ಕೇ ಶಂಭುಲಿಂಗಪ್ಪ ಅಂಗಡಿಗೆ ಯಾರು ಬಂದರೂ ಬಣ್ಣದ ಕುಂಚ ಇಳಿಸದೆ ಕೇಳುವ ಪ್ರಶ್ನೆ ಒಂದೇ. "ಕೂಸು ಹುಟ್ಟೈತೇನ್ರಿ?"

ಬೇರೆ ಯಾರಾದರೂ ಆಗಿದ್ದರೆ "ನನಗೆ ಕುರ್ಚಿ ಬೇಕು" ಎನ್ನುತ್ತಿದ್ದರು. ಶಂಕ್ರಪ್ಪನವರು ಗುಡಿಗೆ ಹೋಗುವುದಿದ್ದರೂ ಊರು ಸುತ್ತಿ ಹೋಗುವ ಮನುಷ್ಯ.

"ಇನ್ನೂ ಇಲ್ಲರಿ. ಏಳರಾಗ ನಡದೈತಿ."

"ಹಂಗಾರ ಹುಟ್ಟಿದ ಮ್ಯಾಲೆ ಬರ್ರಿ."

"ಅಲ್ಲೀತನಾ ತಡಿಯಾಕ ಆಗೂದಿಲ್ಲರಿ. ಊರಾಗ ಗೊತ್ತಾಗೂದರಾಗ ಕೆಲಸ ಮುಗೀಬೇಕು. ಇಷ್ಟು ವರ್ಷ ಗಳಿಸಿದ ಮಾನದ ಪ್ರಶ್ನೆ ಐತ್ರಿ!"

ಶಂಕ್ರಪ್ಪನವರ ದುರ್ದೈವಕ್ಕೆ ಅಂಗಡಿಯ ಒಳಗೆ, ಒರಗಿಸಿಟ್ಟ ತೊಟ್ಟಿಲುಗಳ ಹಿಂದೆ, ಮೊಮ್ಮಗನ ತೊಟ್ಟಿಲಿಗೆ ಗಿಳಿ ಬೇಕೋ ನವಿಲು ಬೇಕೋ ಎಂದು ಯೋಚಿಸುತ್ತ ಕೆಂಚವ್ವ ನಿಂತಿದ್ದಳು. ಕೆಂಚವ್ವ ಶಂಕ್ರಪ್ಪನವರ ಮನೆಯ ಆಚೆಗಿನವಳು. ಈಚೆಗಿನವನು ನಾನು. ಅವಳು ಗಿಳಿಯನ್ನೂ ನವಿಲನ್ನೂ ಬಿಟ್ಟು ಹಿಂದಿನ ಬಾಗಿಲಿಂದ ಬಸ್ಸಿಗೆ ಓಡಿದಳು. ಹೀಗಾಗಿ ಮುಂದಿನ ಮಾತು ಅವಳಿಗೆ ಕೇಳಿಸಲಿಲ್ಲ.

ಮುಂದಿನ ಮಾತು ಕುರ್ಚಿಯದು. "ಕುರ್ಚಿ ನಮ್ಮಪ್ಪ ಮಾಡಿಲ್ಲ, ನಮ್ಮಜ್ಜ ಮಾಡಿಲ್ಲ" ಎಂದು ಶಂಭುಲಿಂಗಪ್ಪ ಗೋಣು ಅಲ್ಲಾಡಿಸಿದ. ಶಂಕ್ರಪ್ಪನವರು ಬೆವರುತ್ತ, ತಡವರಿಸುತ್ತ, ಹೋದ ಕೂಸಿನ ಸುದ್ದಿಯನ್ನೂ ಬಿಡದೆ ಎಲ್ಲ ಹೇಳಿದರು. ಶಂಭುಲಿಂಗಪ್ಪ ಮೊದಲ ಸಲ ಕುಂಚ ಕೆಳಗಿಟ್ಟ.

"ಕೂಸು ಹೊರಗ ಬಂದಿಲ್ಲಂದ್ರ ಏನಾತ್ರಿ? ತಾಯಿ ಕುಂತ್ರ ಅದೂ ಕುಂತಂಗ. ಮಾಡತೀನಿ ಹೋಗ್ರಿ."

ಶಂಕ್ರಪ್ಪನವರು ಊರು ಸೇರುವ ಮೊದಲೇ ಸುದ್ದಿ ಊರು ಸೇರಿ ಊಟ ಮಾಡಿ ಮಲಗಿತ್ತು. ಮರುದಿನ ಅವರ ಹೆಂಡತಿ ಕಸ್ತೂರೆವ್ವ ಬಾವಿಗೆ ಹೋದರು. ಕಸ್ತೂರೆವ್ವನಿಗೆ ಐವತ್ತರ ಹತ್ತಿರ ವಯಸ್ಸು, ಮನೆಯಲ್ಲಿ ಮೊಮ್ಮಕ್ಕಳು ಬಂದು ಹೋಗುವ ಕಾಲ. ಕೊಡ ತುಂಬಿ ಎತ್ತಬೇಕೆನ್ನುವಷ್ಟರಲ್ಲಿ ಗೌರಕ್ಕ ಬಂದು ಕಸಿದುಕೊಂಡಳು.

"ಬಿಡಬೇ ಯಕ್ಕಾ, ನೀ ಎತ್ತಬಾರದು. ನಾ ಮನೀತನಾ ತಂದ ಇಡತೀನಿ."

ಮನೆಗೆ ಬಂದರೆ ರೇವವ್ವ ಹುಣಸಿ ತೊಕ್ಕು ತಂದಿದ್ದಳು. ಇನ್ನೊಬ್ಬಳು ಕಸಬರಿಗೆ ಕಸಿದುಕೊಂಡಳು. ಮತ್ತೊಬ್ಬಳು ತಾನೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. "ಕಾಲ ಕೆಳಗ ಬಿಟಗೊಂಡು ಕುಂಡ್ರಬ್ಯಾಡಬೇ, ಬಾವು ಬರತಾವ" ಎಂದು ಕೆಂಚವ್ವ ಚಾಪೆ ಹಾಸಿದಳು. ಊರಿಗೆ ಊರೇ ತಮಗೇಕೆ ಹೀಗೆ ಸೇವೆ ಮಾಡುತ್ತಿದೆ ಎಂದು ಕಸ್ತೂರೆವ್ವನಿಗೆ ತಿಳಿಯಲಿಲ್ಲ. ಬೇಡ ಎನ್ನುವುದಕ್ಕೆ ಮನಸ್ಸೂ ಬರಲಿಲ್ಲ. ಸಿಕ್ಕಷ್ಟು ಸಿಗಲಿ ಎಂದು ಚಾಪೆಯ ಮೇಲೆ ಕೂತು ತೊಕ್ಕು ನೆಕ್ಕಿದರು. ಅವರು ತೊಕ್ಕು ನೆಕ್ಕಿದ್ದನ್ನು ಹೆಂಗಸರು ನೋಡಿದರು. ಇನ್ನೇನು ಸಾಕ್ಷಿ ಬೇಕು?

ಇತ್ತ ಗೌಡರು ಶಂಕ್ರಪ್ಪನವರನ್ನು ಅದೇ ಕೆಂಪು ತ್ರಿಕೋನದ ಕೆಳಗೆ ಹಿಡಿದರು. ಎರಡೇ ಮಕ್ಕಳು ಸಾಕು ಎಂದು ಸರಕಾರದ ಪರವಾಗಿ ಊರಿಗೆ ಭಾಷಣ ಹೊಡೆಯುವವರು ಶಂಕ್ರಪ್ಪನವರೇ.

"ಏನ್ರಿ ಮಾಸ್ತರ, ಭಾಷಣ ನಮಗ, ತೊಟ್ಟಿಲಂಗಡಿ ನಿಮಗ?"

ಕುರ್ಚಿಯ ಗುಟ್ಟು ರಟ್ಟಾಯಿತೆಂದು ಶಂಕ್ರಪ್ಪನವರು ತಿಳಿದರು.

"ತಪ್ಪಾತ್ರಿ ಗೌಡ್ರ. ಇಷ್ಟು ವರ್ಷ ಗಟ್ಟಿ ಇದ್ದೆ. ಆದರ ಪರಿಸ್ಥಿತಿ ಹಂಗ ಬಂತು."

"ಬರತೈತಿ, ಬರತೈತಿ. ಯಾರಿಗೆ ಬಿಟ್ಟೈತಿ!"

"ಒಂದ ರಿ ಗೌಡ್ರ. ಬರೇ ಒಂದ. ಹೆಚ್ಚಿಗಿ ಇಲ್ಲ."

"ಈ ವಯಸ್ಸಿನ್ಯಾಗ ಒಂದ ಸಾಕ ಬಿಡ್ರಿ ಮಾಸ್ತರ" ಎಂದು ಗೌಡರು ಮೀಸೆಯಲ್ಲೇ ನಕ್ಕು ಹೋದರು. ಕುರ್ಚಿಗೂ ವಯಸ್ಸಿಗೂ ಏನು ಸಂಬಂಧವೆಂದು ಶಂಕ್ರಪ್ಪನವರು ಅಂದೆಲ್ಲ ಯೋಚಿಸಿದರು. ನನಗೆ ಎಲ್ಲ ಗೊತ್ತಿತ್ತು. ಆದರೆ ಯಾರಿಗೂ ಹೇಳಬೇಡಿರೆಂದು ಆಜ್ಞೆಯಾಗಿತ್ತಲ್ಲ! ಹೆಡ್ ಮಾಸ್ತರರ ಆಜ್ಞೆಯನ್ನು ನಾನು ಅಷ್ಟು ಸಂತೋಷದಿಂದ ಪಾಲಿಸಿದ್ದು ಅದೊಂದೇ ಸಲ.

ಎರಡು ದಿನಕ್ಕೆ ಅಣ್ಣಿಗೇರಿಯಿಂದ ಅಳಿಯ ಈರಪ್ಪ ಬಂದಿಳಿದ. ಮುಖ ಒಣಗಿದ ರೊಟ್ಟಿಯಾಗಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ, ಮಣೆ ಹಾಕಿದರೆ ಕೂಡಲಿಲ್ಲ.

"ಮಾವಾರ, ಇದು ಮಾಡೂ ಕೆಲಸೇನ್ರಿ? ನಮ್ಮಪ್ಪ, ನಮ್ಮವ್ವನ ಮುಂದ ನಾ ಹೆಂಗ ತಲಿ ಎತ್ತಲಿ?"

"ಬೀಗರಿಗೂ ತಿಳೀತ? ಇಷ್ಟ ಸಣ್ಣ ಮಾತು ಅಣ್ಣಿಗೇರಿತನಾ ಬಂತ?"

"ಸಣ್ಣ ಮಾತು? ನನ್ನ ಮಗ ಸಾಲಿಗೆ ಹೊಂಟಾನು. ಅವನ ಸೋದರಮಾವ ಈಗ ಹುಟ್ಟಬೇಕಂದ್ರ ಹೆಂಗ್ರಿ?"

ಶಂಕ್ರಪ್ಪನವರು ಬಾಯಿ ತೆರೆದರು. ಅದು ತೆರೆದೇ ಉಳಿಯಿತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಆಮೇಲೆ ನಡೆದದ್ದು ನಮ್ಮ ನಡುವಿನ ಅರ್ಧ ಗೋಡೆಯ ಪುಣ್ಯದಿಂದ ನನಗೆ ಪೂರ್ತಿ ಕೇಳಿಸಿತು. ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ನನಗ ಕೊಡ ಎತ್ತಾಕ ಬಿಡವಲ್ರು ಯಾಕಂತ ಈಗ ತಿಳೀತು. ಹೇಳ್ರಿ, ಕಲಘಟಗ್ಯಾಗ ಯಾರ ಕೂಸಿಗೆ ತೊಟ್ಟಿಲ?"

"ತೊಟ್ಟಿಲಲ್ಲಲೇ, ಕುರ್ಚಿ!" ಎಂದು ಶಂಕ್ರಪ್ಪನವರು ಅಳುವ ದನಿಯಲ್ಲಿ ಎಲ್ಲ ಹೇಳಿದರು.

ಕಸ್ತೂರೆವ್ವ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಅಳಿಯ ನಕ್ಕ, ನೀರು ಇಸಿದುಕೊಂಡು ಕುಡಿದ. ಗೋಡೆಯ ಈಚೆ ನಾನೂ ನಕ್ಕೆ. ಆಮೇಲೆ ಕಸ್ತೂರೆವ್ವನ ನಗು ತಟ್ಟನೆ ನಿಂತಿತು.

"ಐದು ಹಡದೆ ನಾ. ಒಂದು ಸಲನರ ಯಾರರ ಕೊಡ ಇಸಗೊಂಡ್ರ? ನೀರ ಹೊತ್ತೆ, ಬೀಸಿದೆ, ದನದ ಸೆಗಣಿ ಬಳದೆ. ನೀವು ಸಾಲ್ಯಾಗ ನಿಂತಿದ್ರಿ, ನಾ ಮನ್ಯಾಗ ನಿಂತಿದ್ದೆ. ಕುಂಡ್ರು ಅಂತ ಒಂದು ಮಾತು ಅಂದ್ರ? ಕುರ್ಚಿ ಬ್ಯಾಡ್ರಿ, ಬರೇ ಮಾತು."

ಶಂಕ್ರಪ್ಪನವರು ಬಾಗಿ ಅಳಿಯ ಕುಡಿದಿಟ್ಟ ಖಾಲಿ ತಂಬಿಗೆ ಎತ್ತಿಟ್ಟರು.

"ಆ ಹುಡಿಗಿದು ಒಂದು ಹೋಗೈತಿ" ಎಂದರು ಕಸ್ತೂರೆವ್ವ. "ಇನ್ನೊಂದು ಹೋದ್ರ ನಿಮ್ಮ ಗ್ವಾಡಿ ಮ್ಯಾಲಿನ ಬರಹಕ್ಕ ನಾ ಸೆಗಣಿ ಬಳೀತೀನಿ, ನೋಡಕೋರಿ."

ಕುರ್ಚಿ ಬರುವ ದಿನವೇ ವಾರ್ಷಿಕ ತಪಾಸಣೆಗೆ ಇನ್ಸ್‌ಪೆಕ್ಟರ ಸಾಹೇಬರೂ ಬರಬೇಕೆ! ಬೆಳಗಿನಿಂದ ಮಾಸ್ತರರೆಲ್ಲ ಕಂಬದಂತೆ ನಿಂತಿದ್ದೆವು. ಸಾಹೇಬರು ನಿಂತು ಕಲಿಸುವ ಶಾಲೆಯನ್ನು ನಿಧಾನವಾಗಿ, ಬಹಳ ನಿಧಾನವಾಗಿ ಮೆಚ್ಚುತ್ತ ಬಂದರು. ಅಕ್ಕೋರ ಸರದಿ ಬರುವಷ್ಟರಲ್ಲಿ ಬಿಸಿಲೇರಿತ್ತು. ಅಕ್ಕೋರು ಒಂದು ಕೈಯಿಂದ ಮೇಜಿನ ಅಂಚು ಹಿಡಿದಿದ್ದರು. ತುಟಿಯ ಮೇಲೆ ಬೆವರು. ಶಂಕ್ರಪ್ಪನವರ ಕಣ್ಣು ಸಾಹೇಬರ ಮೇಲಿರಲಿಲ್ಲ, ಆ ಕೈಯ ಮೇಲಿತ್ತು.

ಅಷ್ಟರಲ್ಲಿ ಹೊರಗೆ ಗದ್ದಲವೆದ್ದಿತು. ಎತ್ತಿನ ಗಾಡಿಯಲ್ಲಿ ಕೌದಿ ಸುತ್ತಿದ ಸಾಮಾನು, ಜೊತೆಗೆ ಶಂಭುಲಿಂಗಪ್ಪ, ಹಿಂದೆ ಆರತಿ ತಟ್ಟೆ ಹಿಡಿದ ಕೆಂಚವ್ವ, ಅವಳ ಹಿಂದೆ ಊರು. ಗಾಡಿ ಮೊದಲು ಶಂಕ್ರಪ್ಪನವರ ಮನೆಗೇ ಹೋಗಿತ್ತು. ಕಸ್ತೂರೆವ್ವ ಬಾಗಿಲಲ್ಲಿ ನಿಂತು, "ಇಲ್ಲಿ ಅಲ್ಲ, ಸಾಲಿಗೆ ಹೊಡೀರಿ" ಎಂದು ತಾವೂ ಬೆನ್ನು ಹತ್ತಿದ್ದರು. ಸಾಲಿಯಲ್ಲಿ ಯಾರು ಹಡೆಯುತ್ತಾರೆಂದು ತಿಳಿಯದೆ ಕೆಂಚವ್ವ ಕಂಗಾಲಾಗಿದ್ದಳು.

ಕೌದಿ ಬಿಚ್ಚಿದರು. ಕುರ್ಚಿಯೇ. ಆದರೆ ತೊಟ್ಟಿಲ ಕೈ ತೊಟ್ಟಿಲನ್ನು ಬಿಟ್ಟೀತೆ? ಬೆನ್ನಿಗೆ ಎರಡು ಗಿಳಿ, ಕಾಲಿಗೆ ಹಳದಿ ಹೂಬಳ್ಳಿ, ಕೆಂಪು ಅರಗಿನ ಹೊಳಪು, ಎರಡೂ ಕೈಗಳಿಗೆ ಸಾಲಾಗಿ ಬಣ್ಣದ ಕಟ್ಟಿಗೆಯ ಗಿಲಕಿ. ಮುಟ್ಟಿದರೆ ಗಿಲಿಗಿಲಿ ಎನ್ನುತ್ತಿತ್ತು. ಒಂದನೆಯ ಇಯತ್ತೆ ಪಾಠ ಬಿಟ್ಟು ಹೋ ಎಂದಿತು.

"ಏನಿದು ಶಂಕ್ರಪ್ಪ?" ಸಾಹೇಬರ ಹುಬ್ಬು ಮೇಲೇರಿತು. "ನಿಮ್ಮ ಸಾಲಿ ಹೆಸರ ಕುರ್ಚಿ ಇಲ್ಲದ್ದಕ್ಕ ಬಂದೈತಿ. ಗ್ವಾಡಿ ಮ್ಯಾಲೆ ಬರಸಿದಾವ್ರು ನೀವ. ಇದ್ಯಾರಿಗೆ?"

ಶಂಕ್ರಪ್ಪನವರು ಕುರ್ಚಿ ಎತ್ತಿ ಅಕ್ಕೋರ ಹಿಂದೆ ಇಟ್ಟರು. ನಾಲ್ಕೂ ಕಾಲು ನೆಲಕ್ಕೆ ಹತ್ತಿವೆಯೋ ಎಂದು ಅಲ್ಲಾಡಿಸಿ ನೋಡಿದರು.

"ಕುಂಡ್ರವಾ."

ಅಕ್ಕೋರು ಸಾಹೇಬರ ಕಡೆ ನೋಡಿ ಹಿಂಜರಿದರು.

"ಏನ್ರಿ ಶಂಕ್ರಪ್ಪ," ಸಾಹೇಬರ ದನಿ ಏರಿತು, "ನಾ ನಿಂತೀನಿ, ಅವರು ಕುಂಡ್ರೂದ?"

"ಹೌದ್ರಿ ಸಾಹೇಬ್ರ. ನೀವು ಒಬ್ಬರ ನಿಂತೀರಿ. ಅವರು ಇಬ್ಬರು ನಿಂತಾರ."

ಅಕ್ಕೋರು ಕೂತರು. ಗಿಲಕಿ ಗಿಲಿಗಿಲಿ ಎಂದವು. ಇಷ್ಟು ದಿನ ಒಣಗಿದ್ದ ಅವರ ಕಣ್ಣು ಆಗ ತುಂಬಿತು. ಕೆಂಚವ್ವನ ತಲೆಯಲ್ಲೂ ಎಲ್ಲ ತಾಳೆಯಾಯಿತು. ತಂದ ಆರತಿ ದಂಡವಾಗಬಾರದೆಂದು ಅಕ್ಕೋರಿಗೇ ಎತ್ತಿದಳು.

ಸಾಹೇಬರು ಸರಸರನೆ ಹೆಡ್ ಮಾಸ್ತರರ ಖೋಲಿಗೆ ನಡೆದರು, ನಾವು ಹಿಂದೆ ಓಡಿದೆವು. ಅವರು ಸಿಟ್ಟಿನಿಂದ ಅಲ್ಲಿದ್ದ ಹಳೆಯ ಕುರ್ಚಿಯಲ್ಲಿ ಧೊಪ್ಪನೆ ಕೂತರು. ಇಟ್ಟಂಗಿಯ ಸುದ್ದಿ ಹೇಳಬೇಕೆನ್ನುವಷ್ಟರಲ್ಲಿ ಸಾಹೇಬರು ನೆಲದ ಮೇಲಿದ್ದರು. ಎತ್ತಿ ನಿಲ್ಲಿಸಿದೆವು. ಮೊಣಕಾಲು ತಿಕ್ಕಿಕೊಳ್ಳುತ್ತ ಬಹಳ ಹೊತ್ತು ಆ ಇಟ್ಟಂಗಿಯನ್ನೇ ನೋಡಿದರು.

"ಆ ಬಾಯಾರು ಇದರ ಮ್ಯಾಲೆ ಕುಂತಿದ್ರೇನು?"

"ಒಮ್ಮೆ ರಿ. ಹಿಡಕೊಂಡ್ವಿ" ಎಂದೆ ನಾನು.

ಸಾಹೇಬರು ಟೊಪ್ಪಿಗೆ ಝಾಡಿಸಿದರು. "ಎಷ್ಟರಾಗ ನಡದೈತಿ?" ಎಂದರು. ಗಂಡಸರೆಲ್ಲ ಗಂಟಲು ಸರಿ ಮಾಡಿಕೊಂಡೆವು. ಬಾಗಿಲಿಂದ ಕಸ್ತೂರೆವ್ವ ಹೇಳಿದರು: "ಏಳು."

"ರಜಾದ ಅರ್ಜಿ ಬಂದ್ರ ಟಪಾಲಿಗೆ ಹಾಕಬ್ಯಾಡ್ರಿ ಶಂಕ್ರಪ್ಪ, ನನ್ನ ಕೈಯಾಗ ಕೊಡ್ರಿ. ಟಪಾಲಿನ್ಯಾಗ ಹೋದ್ರ ಅದು ಮಂಜೂರಾಗೂದರಾಗ ಆ ಕೂಸು ನಿಮ್ಮ ಸಾಲಿಗೆ ಬರತೈತಿ." ಕುಂಟುತ್ತ ಜೀಪು ಹತ್ತುವಾಗ ತಿರುಗಿ ನೋಡಿದರು. "ಗಿಳಿ ಭಾಳ ಛಂದ ಬಂದಾವ."

ಅಕ್ಕೋರು ದಿನ ತುಂಬುವವರೆಗೆ ಕೂತು ಕಲಿಸಿದರು. ಆ ಮಕ್ಕಳು ನಿಂತು ಕಲಿಸಿದ ಮಕ್ಕಳಿಗಿಂತ ಒಂದಕ್ಷರವೂ ಕಡಿಮೆ ಕಲಿಯಲಿಲ್ಲ. ಗೋಡೆಯ ಬರಹದ ಕೆಳಗೆ ಶಂಕ್ರಪ್ಪನವರು ತಾವೇ ಕುಂಚ ಹಿಡಿದು, "ಕೂತು ಕಲಿಸಿದ್ದೂ" ಎಂದು ಸೇರಿಸಿದರು. ಆದರೆ ನನಗೆ ಕುರ್ಚಿ ಬರಲಿಲ್ಲ. ಪಂಚಾಯ್ತಿಗೆ ಹೋದದ್ದು ತಿರುಗಿ ಬಂದದ್ದುಂಟೆ?

ಅಳ್ನಾವರದಲ್ಲಿ ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಎರಡೂ ಆರಾಮ ಎಂದು ಇಮಾಮುದ್ದೀನ ಖುದ್ದಾಗಿ ಬಂದು ಪೇಢೆ ಹಂಚಿದ. ಶಂಭುಲಿಂಗಪ್ಪ, "ಈಗ ಕೂಸು ಹುಟ್ಟೈತಲ್ಲ, ಇನ್ನ ತೊಟ್ಟಿಲ ಮಾಡಾಕ ಅಡ್ಡಿ ಇಲ್ಲ" ಎಂದು ಅದೇ ಗಿಳಿಯ ಜೋಡಿ ಬರೆದು ತೊಟ್ಟಿಲು ಕಳಿಸಿದ. ತವರಿನವರ ಹೆಸರಿನಲ್ಲಿ ಅದನ್ನು ಮಾಡಲು ಹೇಳಿದವರು ಕಸ್ತೂರೆವ್ವ.

ಅಕ್ಕೋರು ರಜೆಯಲ್ಲಿದ್ದಾಗ ಕುರ್ಚಿ ಶಾಲೆಯಲ್ಲಿ ಖಾಲಿ ಇತ್ತು. ಯಾರಿಗೂ ಕೂಡುವ ಧೈರ್ಯವಾಗಲಿಲ್ಲ. ನಾನು ಎರಡು ಸಲ ಹತ್ತಿರ ಸುಳಿದೆ, ಗಿಲಕಿ ಸದ್ದು ಮಾಡಿ ಹಿಡಿದುಕೊಟ್ಟವು.

ಒಂದು ರವಿವಾರ ಶಂಕ್ರಪ್ಪನವರು ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ಬಂದರು. ನಾನು ಅರ್ಧ ಗೋಡೆಯ ಈಚೆ ಹಲ್ಲು ತಿಕ್ಕುತ್ತಿದ್ದೆ. ಕಸ್ತೂರೆವ್ವ ಅಂಗಳ ಗುಡಿಸುತ್ತಿದ್ದರು. ಶಂಕ್ರಪ್ಪನವರು ಕುರ್ಚಿಯನ್ನು ಅಂಗಳದ ನಡುವೆ ಇಟ್ಟರು, ಅಲ್ಲಾಡಿಸಿ ನೋಡಿದರು, ಹೆಂಡತಿಯ ಕೈಯಿಂದ ಕಸಬರಿಗೆ ಇಸಿದುಕೊಂಡರು.

"ಕುಂಡ್ರು."

"ಈಗ್ಯಾಕ್ರಿ? ನನಗ ಏನಾಗೈತಿ?"

"ಐದು ಸಲ ಅನ್ನೂದು ಬಿಟ್ಟಿದ್ದೆ. ಈಗ ಅಂತೀನಿ. ಕುಂಡ್ರು."

ಕಸ್ತೂರೆವ್ವ ಅವರ ಮುಖ ನೋಡಿದರು. ಸೆರಗಿನಿಂದ ಕೈ ಒರೆಸಿಕೊಂಡು ಮೆಲ್ಲಗೆ ಕೂತರು. ಗಿಲಕಿ ಗಿಲಿಗಿಲಿ ಎಂದವು. ಹೆಡ್ ಮಾಸ್ತರರು ಧೋತರ ಎತ್ತಿ ಕಟ್ಟಿ ಕಸ ಗುಡಿಸತೊಡಗಿದರು. ಗುಡಿಸಿದ್ದಕ್ಕಿಂತ ಹಾರಿಸಿದ್ದೇ ಹೆಚ್ಚು. ನಾನು ಹಲ್ಲು ತಿಕ್ಕುವುದನ್ನು ಮರೆತು ನಿಂತಿದ್ದೆ.

ಆಗ ಆಚೆಯ ಗೋಡೆಯ ಮೇಲೆ ಕೆಂಚವ್ವನ ತಲೆ ಮೂಡಿತು. ಕುರ್ಚಿಯ ಮೇಲೆ ಕೂತ ಕಸ್ತೂರೆವ್ವನನ್ನು, ಕಸಬರಿಗೆ ಹಿಡಿದ ಮಾಸ್ತರರನ್ನು ಕಂಡು ಅವಳ ಕಣ್ಣು ಅರಳಿದವು.

"ಯವ್ವಾ ಕಸ್ತೂರಕ್ಕಾ! ಅಂದ್ರ ಈ ಸಲ ಖರೇನ?"

ಕಸ್ತೂರೆವ್ವ ಏಳಲಿಲ್ಲ. ಬೆನ್ನನ್ನು ಗಿಳಿಗಳಿಗೆ ಆನಿಸಿ ಇನ್ನಷ್ಟು ಆರಾಮಾಗಿ ಕೂತರು.

"ಹೂಂನವಾ, ಖರೇ ಅಂತ ಊರಿಗೆಲ್ಲ ಹೇಳಿ ಬಾ. ಇನ್ನೊಂದು ನಾಲ್ಕ ದಿವಸ ಕೊಡ ಇಸಗೊಳ್ಳಲಿ."